ತರಂಗಂಬಾಡಿ: ನಮ್ಮ ನೆರೆಯಲ್ಲೊಂದು ಡೇನಿಷ್ ಪಟ್ಟಣ

ಚೆನ್ನೈಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ತಿರುಕ್ಕಡೈಯೂರಿನ ಹೆಸರನ್ನು ಕೇಳದವರು ವಿರಳ. ಅಲ್ಲಿನ ಅಮೃತಘಟೇಶ್ವರ ಹಾಗೂ ಅಭಿರಾಮಿ ಅಮ್ಮನವರ ಸನ್ನಿಧಿಯಲ್ಲಿ ಅರವತ್ತರ ಶಾಂತಿ, ಎಂಬತ್ತರ ಶಾಂತಿಗಳನ್ನು ನೆರವೇರಿಸುವ ಪರಿಪಾಠ ನಮ್ಮವರಲ್ಲಿಯೂ ಬೇರೂರಿದೆ. ಬೆಳಗಿನ ಜಾವದ ಹೋಮ, ಕಲಶಾಭಿಷೇಕ, ಮಾಂಗಲ್ಯಧಾರಣೆ, ಹನ್ನೊಂದು ಗಂಟೆಯ ಹೊತ್ತಿಗೆಲ್ಲ ಬಾಳೆಯೆಲೆಯ ಊಟ ಮುಗಿದರೆ, ರಾತ್ರಿಯ ರೈಲಿನವರೆಗೆ ಕಾಲ ಕಳೆಯುವುದು ಹೇಗೆಂಬ ಪ್ರಶ್ನೆ ಏಳುತ್ತದೆ. ನಮ್ಮ ಭಾವನವರ ಷಷ್ಟ್ಯಬ್ದಿಯ ದಿನ ನಮಗೂ ಇದೇ ಪ್ರಶ್ನೆ ಎದುರಾಯಿತು. ಅಡಿಗೆಯವರಲ್ಲಿ ಒಬ್ಬರು, "ಹತ್ತು ಕಿಲೋಮೀಟರಿನೊಳಗೆ ಕಡಲ ದಂಡೆಯಲ್ಲಿ ಒಂದು ಕೋಟೆ ಇದೆ, ನೋಡಿಬನ್ನಿ" ಎಂದರು. ಹಾಗೆ ಆಕಸ್ಮಿಕವಾಗಿ ನಾವು ತಲುಪಿದ ಊರೇ ತರಂಗಂಬಾಡಿ. ಇಂಗ್ಲಿಷರ ಹಾಗೂ ಡೇನರ ಬಾಯಿಯಲ್ಲಿ ಅದು 'ಟ್ರಾಂಕೆಬಾರ್' ಆಯಿತು.

ಭಾರತದ ಕರಾವಳಿಯಲ್ಲಿ ಪೋರ್ಚುಗೀಸರು, ಡಚ್ಚರು, ಫ್ರೆಂಚರು, ಇಂಗ್ಲಿಷರು ನೆಲೆಯೂರಿದ ಕಥೆಯನ್ನು ನಾವೆಲ್ಲ ಶಾಲೆಯಲ್ಲಿಯೇ ಓದಿದ್ದೇವೆ. ಡೆನ್ಮಾರ್ಕಿನವರೂ ಇದೇ ಚೋಳಮಂಡಲ ಕರಾವಳಿಯಲ್ಲಿ 225 ವರ್ಷಗಳ ಕಾಲ ಒಂದು ಪಟ್ಟಣವನ್ನು ಆಳಿದರೆಂಬುದು ಪಠ್ಯಪುಸ್ತಕದ ಒಂದು ಸಾಲಿಗಷ್ಟೇ ಸೀಮಿತವಾಗಿದೆ. ಆ ಪಟ್ಟಣದ ಚರಿತ್ರೆ, ಅಲ್ಲಿ ಇಂದಿಗೂ ಉಳಿದಿರುವ ಕುರುಹುಗಳು, ಕನ್ನಡಿಗರಾದ ನಮಗೆ ಅದರೊಡನೆ ಇರುವ ನಂಟು - ಇವುಗಳನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಊರು ಮತ್ತು ಹೆಸರು

ತರಂಗಂಬಾಡಿ ಚೆನ್ನೈಗೆ ದಕ್ಷಿಣದಲ್ಲಿ ಸುಮಾರು 280 ಕಿಲೋಮೀಟರ್ ದೂರದಲ್ಲಿ, ಕಾರೈಕಾಲಿಗೆ ಉತ್ತರದಲ್ಲಿ ಸುಮಾರು 15 ಕಿಲೋಮೀಟರ್ ಅಂತರದಲ್ಲಿದೆ. ಹಿಂದೆ ನಾಗಪಟ್ಟಣಂ ಜಿಲ್ಲೆಗೆ ಸೇರಿದ್ದ ಈ ಊರು 2020ರಲ್ಲಿ ರಚನೆಯಾದ ಮಯಿಲಾಡುತುರೈ ಜಿಲ್ಲೆಗೆ ಸೇರಿತು.

ಊರಿನ ಹೆಸರಿಗೆ 'ಹಾಡುವ ಅಲೆಗಳ ಊರು' ಎಂಬ ಅರ್ಥವನ್ನು ಜನರು ಹೇಳುತ್ತಾರೆ. 'ತರಂಗ'ವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಮಿಳಿನ 'ಪಾಡು' ನಮ್ಮ 'ಹಾಡು'. ಆದರೆ 'ಪಾಡಿ' ಎಂಬುದಕ್ಕೆ ತಮಿಳಿನಲ್ಲಿ ನೆಲೆ, ಊರು ಎಂಬ ಅರ್ಥವೂ ಉಂಟು. ನಮ್ಮ ಮೈಸೂರು-ಕೊಡಗು ಕಡೆಯ 'ಹಾಡಿ' ಅದರ ಸೋದರ ಪದ. ಹಾಗಾಗಿ 'ಅಲೆಗಳ ಹಾಡಿ' ಎಂದರೂ ಸಲ್ಲುತ್ತದೆ. ಕಡಲ ಅಂಚಿನಲ್ಲಿಯೇ ನಿಂತಿರುವ ಮಾಸಿಲಾಮಣಿನಾಥರ ದೇವಾಲಯದಲ್ಲಿ ಪಾಂಡ್ಯ ದೊರೆ ಮಾರವರ್ಮ ಕುಲಶೇಖರನ ಕಾಲದ ಶಾಸನವಿದೆ. ಕ್ರಿ.ಶ. 1306ರ ವೇಳೆಯ ಆ ಶಾಸನದಲ್ಲಿ ಊರಿನ ಹೆಸರು 'ಸಡಂಗನ್ಪಾಡಿ' ಎಂದಿದೆ. ಅಂದರೆ ಡೇನರು ಬರುವುದಕ್ಕೆ ಮುನ್ನೂರು ವರ್ಷಗಳ ಹಿಂದೆಯೇ ಇದು ಒಂದು ವ್ಯಾಪಾರದ ಪಟ್ಟಣವಾಗಿತ್ತು. ಯಾರೂ ಇಲ್ಲದ ಮರಳದಂಡೆಗೆ ವಿದೇಶೀಯರು ಬಂದು ಊರು ಕಟ್ಟಿದರೆಂದು ಭಾವಿಸಬಾರದು.

ತಂಜಾವೂರಿನ ಆಸ್ಥಾನ ಮತ್ತು 1620ರ ಒಪ್ಪಂದ

ಡೆನ್ಮಾರ್ಕಿನ ದೊರೆ ನಾಲ್ಕನೆಯ ಕ್ರಿಶ್ಚಿಯನ್ 1616ರಲ್ಲಿ ಡೇನಿಷ್ ಈಸ್ಟ್ ಇಂಡಿಯಾ ಕಂಪನಿಗೆ ಅಪ್ಪಣೆ ನೀಡಿದನು. ಎರಡು ವರ್ಷಗಳ ತರುವಾಯ, 1618ರಲ್ಲಿ, ಓವೆ ಗೆದ್ದೆ ಎಂಬ ತರುಣನ ಮುಂದಾಳುತನದಲ್ಲಿ ಹಡಗುಗಳು ಹೊರಟವು. ಮೊದಲ ಗುರಿ ಶ್ರೀಲಂಕಾ. ಅಲ್ಲಿ ನಿರೀಕ್ಷಿಸಿದ ನೆಲೆ ದೊರೆಯಲಿಲ್ಲ. ಮುಂಚಿತವಾಗಿ ಬಂದಿದ್ದ ಒಂದು ಹಡಗು ಕಾರೈಕಾಲಿನ ಬಳಿ ಪೋರ್ಚುಗೀಸರ ದಾಳಿಗೆ ಸಿಲುಕಿ ನಾಶವಾಯಿತು. ಅದರ ನಾಯಕ, ಡಚ್ಚನಾದ ರೋಲಾಂಡ್ ಕ್ರಾಪೆ, ಕೆಲವರೊಡನೆ ಬದುಕುಳಿದು ತಂಜಾವೂರಿನ ಆಸ್ಥಾನವನ್ನು ಸೇರಿದನು. ಅವನ ಸಂಧಾನದ ಫಲವಾಗಿ 1620ರ ನವೆಂಬರ್ 20ರಂದು ರಘುನಾಥ ನಾಯಕನಿಗೂ ಡೇನರಿಗೂ ಒಪ್ಪಂದವಾಯಿತು. ಆಗ ಗೆದ್ದೆಯ ವಯಸ್ಸು ಇನ್ನೂ ಇಪ್ಪತ್ತೈದು.

ವಾರ್ಷಿಕ 3111 ರೂಪಾಯಿಗಳ ಕಾಣಿಕೆಗೆ ಸುಮಾರು ಐದು ಮೈಲಿ ಉದ್ದ, ಮೂರು ಮೈಲಿ ಅಗಲದ ನೆಲ ಡೇನರ ಸ್ವಾಧೀನಕ್ಕೆ ಬಂದಿತು. ಕೋಟೆ ಕಟ್ಟುವ, ಕರಿಮೆಣಸನ್ನು ಕೊಂಡು ಸಾಗಿಸುವ ಹಕ್ಕೂ ದೊರೆಯಿತು. ರಘುನಾಥ ನಾಯಕನು ಡೆನ್ಮಾರ್ಕಿನ ದೊರೆಗೆ ಚಿನ್ನದ ತಗಡಿನ ಮೇಲೆ ಬರೆಸಿ ಕಳುಹಿದ ಪತ್ರವು ಇಂದಿಗೂ ಕೋಪನ್‌ಹೇಗನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಸುರಕ್ಷಿತವಾಗಿದೆ. ಪತ್ರದ ಭಾಷೆ ತಮಿಳು. ದೊರೆಯ ಸಹಿ ತೆಲುಗಿನಲ್ಲಿ.

ಇಲ್ಲಿ ಕನ್ನಡಿಗರು ಗಮನಿಸಬೇಕಾದ ಸಂಗತಿಯೊಂದಿದೆ. ತಂಜಾವೂರಿನ ನಾಯಕರು ವಿಜಯನಗರದ ಅಚ್ಯುತದೇವರಾಯನ ಕಾಲದಲ್ಲಿ ಅಧಿಕಾರಕ್ಕೆ ಬಂದ ಮನೆತನದವರು. ಸೇವಪ್ಪ, ಅಚ್ಯುತಪ್ಪ, ರಘುನಾಥ - ಈ ಮೂವರು ನಾಯಕರಿಗೂ ಮಂತ್ರಿಯಾಗಿದ್ದವರು ಗೋವಿಂದ ದೀಕ್ಷಿತರು. ಇವರು ಹೊಯ್ಸಳ ಕರ್ಣಾಟಕ ಬ್ರಾಹ್ಮಣರು. ಕುಂಭಕೋಣದ ಮಹಾಮಹಂ ಕೊಳದ ಸುತ್ತಲಿನ ಹದಿನಾರು ಮಂಟಪಗಳು ಇವರ ಹೆಸರನ್ನು ನೆನಪಿಸುತ್ತವೆ. ಇವರ ಮಗ ವೆಂಕಟಮಖಿಯೇ ಎಪ್ಪತ್ತೆರಡು ಮೇಳಗಳ ಪದ್ಧತಿಯನ್ನು ನಿರೂಪಿಸಿದ 'ಚತುರ್ದಂಡೀ ಪ್ರಕಾಶಿಕೆ'ಯ ಕರ್ತೃ. ಮಾರ್ಗಶಿರ ಮಾಸದಲ್ಲಿ ಚೆನ್ನೈಯ ಸಭೆಗಳಲ್ಲಿ ಕುಳಿತು ಕಚೇರಿ ಕೇಳುವ ನಮಗೆ ಈ ಮನೆತನದ ಋಣ ದೊಡ್ಡದು. ಡೇನರಿಗೆ ನೆಲ ನೀಡಿದ ಆಸ್ಥಾನದಲ್ಲಿ ತಮಿಳು, ತೆಲುಗು, ಸಂಸ್ಕೃತಗಳು ಬಳಕೆಯಲ್ಲಿದ್ದವು. ಕನ್ನಡದ ಮನೆಮಾತಿನವರು ಉನ್ನತ ಪದವಿಯಲ್ಲಿದ್ದರು. ಊರು ಬಿಟ್ಟು ಬಂದವರು ಹೊಸ ನಾಡಿನಲ್ಲಿ ಬೇರೂರಿ ಬಾಳಿದ ಚರಿತ್ರೆ ಈ ಭಾಗಕ್ಕೆ ಹೊಸದಲ್ಲ.

ಈ ನಗರದ ಸೇಂಟ್ ಜಾರ್ಜ್ ಕೋಟೆಯ ನೆಲವು ಇಂಗ್ಲಿಷರಿಗೆ ದೊರೆತದ್ದು 1639ರಲ್ಲಿ. ಅಂದರೆ ಮದರಾಸು ಹುಟ್ಟುವುದಕ್ಕೆ ಹತ್ತೊಂಬತ್ತು ವರ್ಷ ಮೊದಲೇ ತರಂಗಂಬಾಡಿಯಲ್ಲಿ ಡೇನರ ಬಾವುಟ ಏರಿತ್ತು.

ಒಂಟಿಯಾಗಿ ಉಳಿದ ಡೇನ್

ಕಂಪನಿಯ ವ್ಯಾಪಾರ ಆರಂಭದಿಂದಲೂ ಕುಂಟುತ್ತ ಸಾಗಿತು. ಬಂಡವಾಳ ಕಡಿಮೆ, ಯೂರೋಪಿನಲ್ಲಿ ಯುದ್ಧಗಳು, ಹಡಗುಗಳ ನಷ್ಟ. ನನ್ನಂಥ ಬ್ಯಾಂಕ್ ನೌಕರನ ಕಣ್ಣಿಗೆ ಇದು ವಸೂಲಾಗದ ಸಾಲದ ಕಡತದಂತೆಯೇ ಕಾಣುತ್ತದೆ. 1650ರಲ್ಲಿ ಕಂಪನಿಯನ್ನೇ ರದ್ದುಪಡಿಸಲಾಯಿತು. ಆದರೆ ತರಂಗಂಬಾಡಿಯಲ್ಲಿದ್ದವರನ್ನು ಹಿಂದಕ್ಕೆ ಕರೆಸಿಕೊಳ್ಳಲು ಯಾರೂ ಬರಲಿಲ್ಲ. ಜ್ವರದಿಂದಲೂ ವಯಸ್ಸಿನಿಂದಲೂ ಒಬ್ಬೊಬ್ಬರಾಗಿ ತೀರಿಕೊಂಡು, 1655ರ ವೇಳೆಗೆ ಕೋಟೆಯಲ್ಲಿ ಉಳಿದ ಡೇನ್ ಒಬ್ಬನೇ - ಎಸ್ಕಿಲ್ ಆಂಡರ್ಸನ್ ಕೊಂಗ್ಸ್‌ಬಾಕೆ. ಈತ ಅಧಿಕಾರಿಯಲ್ಲ, ಸಾಮಾನ್ಯ ಮನೆತನದವನು. ಸ್ಥಳೀಯರ ನೆರವಿನಿಂದಲೇ ಕೋಟೆಯನ್ನು ಕಾಪಾಡಿಕೊಂಡು, ಬಂಗಾಳ ಕೊಲ್ಲಿಯಲ್ಲಿ ಹಡಗುಗಳನ್ನು ಹಿಡಿದು ಆ ಹಣದಿಂದ ಪಟ್ಟಣಕ್ಕೆ ಗೋಡೆ ಕಟ್ಟಿಸಿ, ತಂಜಾವೂರಿನೊಡನೆ ಸಂಧಾನ ನಡೆಸಿಕೊಂಡು, ಆತ ಹದಿನಾಲ್ಕು ವರ್ಷ ಕಾದನು. ಕೊನೆಗೆ 1669ರಲ್ಲಿ 'ಫೆರೋ' ಎಂಬ ಹಡಗು ಬಂದಿತು. ಸುಮಾರು ಮೂರು ದಶಕಗಳಲ್ಲಿ ಡೆನ್ಮಾರ್ಕಿನಿಂದ ಬಂದ ಮೊದಲ ಹಡಗು ಅದು.

1670ರಲ್ಲಿ ಎರಡನೆಯ ಕಂಪನಿ, 1732ರಲ್ಲಿ ಏಷ್ಯಾಟಿಕ್ ಕಂಪನಿ ಹುಟ್ಟಿದವು. 1777ರಲ್ಲಿ ಆಡಳಿತವನ್ನು ಡೆನ್ಮಾರ್ಕಿನ ದೊರೆಯೇ ನೇರವಾಗಿ ವಹಿಸಿಕೊಂಡನು. ಹದಿನೆಂಟನೆಯ ಶತಮಾನದ ಉತ್ತರಾರ್ಧ ಈ ಪಟ್ಟಣದ ಸಮೃದ್ಧಿಯ ಕಾಲ. ಇಂಗ್ಲಿಷರು ಮತ್ತು ಫ್ರೆಂಚರು ಕಾದಾಡುತ್ತಿದ್ದಾಗ ತಟಸ್ಥ ಡೇನರ ಬಾವುಟದಡಿ ಸರಕು ಸಾಗಿಸುವುದು ಲಾಭದಾಯಕವಾಗಿತ್ತು. ಸಮೃದ್ಧಿಯ ಜೊತೆಗೆ ಕಳಂಕವೂ ಇದೆ. ಹದಿನೇಳನೆಯ ಶತಮಾನದಲ್ಲಿ ಈ ಬಂದರಿನಿಂದ ಗುಲಾಮರ ವ್ಯಾಪಾರವೂ ನಡೆದಿತ್ತೆಂಬುದನ್ನು ಡೇನಿಷ್ ದಾಖಲೆಗಳೇ ಹೇಳುತ್ತವೆ. ಪರಂಪರೆಯನ್ನು ಸ್ಮರಿಸುವಾಗ ಇದನ್ನು ಮರೆಮಾಚುವುದು ಸರಿಯಲ್ಲ.

ಹಣ ಮತ್ತು ಕಾಸು

ಡ್ಯಾನ್ಸ್‌ಬೋರ್ಗ್ ಕೋಟೆಯ ಸಂಗ್ರಹಾಲಯದಲ್ಲಿ ನನ್ನ ಗಮನವನ್ನು ಬಹಳ ಹೊತ್ತು ಸೆಳೆದದ್ದು ನಾಣ್ಯಗಳು. ಡೇನರು ಇಲ್ಲಿಯ ಚಲಾವಣೆಗಾಗಿ ಸೀಸದಲ್ಲಿಯೂ ತಾಮ್ರದಲ್ಲಿಯೂ ಬೆಳ್ಳಿಯಲ್ಲಿಯೂ ನಾಣ್ಯಗಳನ್ನು ಟಂಕಿಸಿದರು. ಒಂದು ಮಗ್ಗುಲಲ್ಲಿ ಡೆನ್ಮಾರ್ಕಿನ ದೊರೆಯ ಕಿರೀಟ ಹಾಗೂ ಹೆಸರಿನ ಮೊದಲಕ್ಷರ. ಆದರೆ ನಾಣ್ಯದ ಹೆಸರು ಮಾತ್ರ ನಮ್ಮದೇ. ನಮ್ಮ 'ಹಣ', ತಮಿಳರ 'ಪಣಂ', ಯೂರೋಪಿನವರ ಬಾಯಿಯಲ್ಲಿ 'ಫನಂ' ಆಗಿ, ಡೇನರಲ್ಲಿ 'ಫಾನೋ' ಎನಿಸಿತು. ನಮ್ಮ 'ಕಾಸು' ಅವರಿಗೆ 'ಕಾಸ್'. 80 ಕಾಸಿಗೆ ಒಂದು ಫಾನೋ, 8 ಫಾನೋವಿಗೆ ಒಂದು ರೂಪಾಯಿ ಎಂಬ ಲೆಕ್ಕ ನಡೆಯುತ್ತಿತ್ತು. ಸಾವಿರಾರು ಮೈಲಿ ದೂರದಿಂದ ಬಂದ ದೊರೆಯ ಮುದ್ರೆಯಿದ್ದರೂ ಸಂತೆಯಲ್ಲಿ ಸೊಪ್ಪು ಕೊಳ್ಳುವವರ ಲೆಕ್ಕಕ್ಕೆ ಒಗ್ಗದ ನಾಣ್ಯ ಚಲಾವಣೆಯಾಗದು. ಆ ಮಾತನ್ನು ಡೇನರು ಬೇಗನೆ ಅರಿತರು.

ಅಚ್ಚುಮೊಳೆ ಮತ್ತು ಕಾಗದ

ತರಂಗಂಬಾಡಿಯ ಹೆಸರು ಜಗತ್ತಿನ ಚರಿತ್ರೆಯಲ್ಲಿ ಉಳಿದಿರುವುದು ವ್ಯಾಪಾರಕ್ಕಿಂತ ಹೆಚ್ಚಾಗಿ ವಿದ್ಯೆಯ ಕಾರಣದಿಂದ. ಡೆನ್ಮಾರ್ಕಿನ ದೊರೆ ನಾಲ್ಕನೆಯ ಫ್ರೆಡರಿಕ್ ಕಳುಹಿದ ಇಬ್ಬರು ಜರ್ಮನ್ ತರುಣರು, ಬಾರ್ತೊಲೊಮೇಯಸ್ ಸೀಗನ್‌ಬಾಲ್ಗ್ ಮತ್ತು ಹೈನ್ರಿಚ್ ಪ್ಲುಟ್ಶೌ, 1706ರ ಜುಲೈ 9ರಂದು ಇಲ್ಲಿ ಬಂದಿಳಿದರು. ಸೀಗನ್‌ಬಾಲ್ಗ್ ಊರಿನ ಮಕ್ಕಳ ಸಾಲಿನಲ್ಲಿ ಕುಳಿತು ಮರಳಿನ ಮೇಲೆ ಬೆರಳಿನಿಂದ ತಮಿಳು ಅಕ್ಷರ ತಿದ್ದಿ ಕಲಿತನೆಂಬುದು ಪ್ರಸಿದ್ಧ. 1707ರಲ್ಲಿಯೇ ಹೆಣ್ಣುಮಕ್ಕಳಿಗಾಗಿ ಶಾಲೆ ಆರಂಭವಾಯಿತು. ಸ್ಥಳೀಯ ಬಡವರ ಪರ ನಿಂತ ಕಾರಣಕ್ಕೆ ಡೇನಿಷ್ ಅಧಿಕಾರಿಯ ಕೋಪಕ್ಕೆ ಗುರಿಯಾಗಿ, ಅದೇ ಡ್ಯಾನ್ಸ್‌ಬೋರ್ಗ್ ಕೋಟೆಯಲ್ಲಿ ನಾಲ್ಕು ತಿಂಗಳು ಸೆರೆವಾಸವನ್ನೂ ಆತ ಅನುಭವಿಸಿದನು.

1712ರಲ್ಲಿ ಇಂಗ್ಲೆಂಡಿನಿಂದ ಮುದ್ರಣಯಂತ್ರವೂ ಮರುವರ್ಷ ಜರ್ಮನಿಯ ಹಾಲೆ ನಗರದಿಂದ ತಮಿಳು ಅಚ್ಚುಮೊಳೆಗಳೂ ಬಂದವು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸ್ ಪಾದ್ರಿಗಳು ತಮಿಳು ಪುಸ್ತಕಗಳನ್ನು ಅಚ್ಚು ಹಾಕಿಸಿದ್ದರೂ ಆ ಪರಂಪರೆ ನಿಂತುಹೋಗಿತ್ತು. ತರಂಗಂಬಾಡಿಯಲ್ಲಿ ಅದು ಮತ್ತೆ ಚಿಗುರಿತು. ತಮಿಳಿನ ಹೊಸ ಒಡಂಬಡಿಕೆಯ ಮುದ್ರಣ 1715ರಲ್ಲಿ ಪೂರ್ಣಗೊಂಡಿತು. ಕಾಗದದ ಕೊರತೆಯನ್ನು ನೀಗಲು ಪಕ್ಕದ ಪೊರೈಯಾರಿನಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪಿತವಾಯಿತು.

ಧರ್ಮಪ್ರಚಾರಕ್ಕಾಗಿ ಬಂದವನೇ ಆದರೂ ಸೀಗನ್‌ಬಾಲ್ಗ್ ತಮಿಳಿನ ನೀತಿಗ್ರಂಥಗಳನ್ನು ಜರ್ಮನ್ ಭಾಷೆಗೆ ಅನುವಾದಿಸಿದನು, ತಾಳೆಗರಿಗಳನ್ನು ಸಂಗ್ರಹಿಸಿದನು, ದಕ್ಷಿಣ ಭಾರತದ ದೇವತೆಗಳ ವಂಶಾವಳಿಯನ್ನು ಕುರಿತ ದೊಡ್ಡ ಗ್ರಂಥವನ್ನು 1713ರಲ್ಲಿ ಬರೆದು ಮುಗಿಸಿದನು. ಹಾಲೆಯ ಹಿರಿಯರಿಗೆ ಅದು ರುಚಿಸಲಿಲ್ಲ. ಅದು ಅಚ್ಚಾದದ್ದು 1867ರಲ್ಲಿ, ನಮ್ಮ ಮದರಾಸಿನಲ್ಲಿ. ಸೀಗನ್‌ಬಾಲ್ಗ್ 1719ರಲ್ಲಿ, ಮೂವತ್ತಾರರ ಹರೆಯದಲ್ಲಿ, ತೀರಿಕೊಂಡನು. ತಾನೇ ಕಟ್ಟಿಸಿದ ಹೊಸ ಜೆರುಸಲೇಂ ದೇವಾಲಯದಲ್ಲಿ ಅವನ ಸಮಾಧಿಯಿದೆ. ಮಂಗಳೂರಿನ ಮೊಗ್ಲಿಂಗ್, ಕಿಟೆಲ್ ಮುಂತಾದವರನ್ನು ಕೃತಜ್ಞತೆಯಿಂದ ನೆನೆಯುವ ಕನ್ನಡಿಗರಿಗೆ ಈ ಬಗೆಯ ವ್ಯಕ್ತಿ ಅಪರಿಚಿತನಲ್ಲ. 'ಮಂಗಳೂರ ಸಮಾಚಾರ' ಹೊರಟದ್ದು 1843ರಲ್ಲಿ, ಕಿಟೆಲರ ನಿಘಂಟು ಹೊರಬಂದದ್ದು 1894ರಲ್ಲಿ. ತಮಿಳಿನಲ್ಲಿ ಇಂತಹ ಕೆಲಸ ನೂರು ವರ್ಷಕ್ಕೂ ಮೊದಲೇ ಈ ಪುಟ್ಟ ಊರಿನಲ್ಲಿ ಆರಂಭವಾಗಿತ್ತು.

ಚೆನ್ನೈಗೂ ಇದರ ಕೊಂಬೆ ಚಾಚಿತು. ತರಂಗಂಬಾಡಿಯ ಪಂಥದ ಪಾದ್ರಿಗಳು 1720ರ ದಶಕದಲ್ಲಿ ಮದರಾಸಿಗೆ ಬಂದು ನೆಲೆಸಿದರು. ಅವರಲ್ಲಿ ಫ್ಯಾಬ್ರಿಸಿಯಸ್ ಎಂಬಾತ ಸಿದ್ಧಪಡಿಸಿದ ತಮಿಳು-ಇಂಗ್ಲಿಷ್ ನಿಘಂಟು 1779ರಲ್ಲಿ ವೇಪೇರಿಯಲ್ಲಿ ಅಚ್ಚಾಯಿತು.

ಕನ್ನಡದ ನಂಟು: ಶ್ರೀರಾಮಪುರ

ಡೇನಿಷ್ ನೆಲೆಗಳಿಗೂ ಕನ್ನಡಕ್ಕೂ ನೇರವಾದ ಸಂಬಂಧವೊಂದಿದೆ. ಡೇನರು 1755ರಲ್ಲಿ ಬಂಗಾಳದ ಹೂಗ್ಲಿ ನದಿಯ ದಡದಲ್ಲಿ ಮತ್ತೊಂದು ನೆಲೆಯನ್ನು ಸ್ಥಾಪಿಸಿದರು. ಅದೇ ಶ್ರೀರಾಮಪುರ, ಅವರ ಮಾತಿನಲ್ಲಿ 'ಫ್ರೆಡರಿಕ್ಸ್‌ನಗರ'. ತನ್ನ ಪ್ರಾಂತದಲ್ಲಿ ಪಾದ್ರಿಗಳು ಕೆಲಸ ಮಾಡುವುದು ಇಂಗ್ಲಿಷ್ ಕಂಪನಿಗೆ ಇಷ್ಟವಿರಲಿಲ್ಲ. ಆದ್ದರಿಂದ ವಿಲಿಯಂ ಕೇರಿ 1800ರಲ್ಲಿ ಡೇನರ ಆಶ್ರಯದ ಶ್ರೀರಾಮಪುರಕ್ಕೆ ಬಂದು ಮುದ್ರಣಾಲಯವನ್ನು ಕಟ್ಟಿದನು. ಭಾರತದ ಹಲವು ಭಾಷೆಗಳ ಅಚ್ಚುಮೊಳೆಗಳು ಅಲ್ಲಿ ಸಿದ್ಧವಾದವು. ಕೇರಿ ಇಂಗ್ಲಿಷಿನಲ್ಲಿ ರಚಿಸಿದ 'ಕರ್ಣಾಟ ಭಾಷೆಯ ವ್ಯಾಕರಣ' 1817ರಲ್ಲಿ ಅಚ್ಚಾದದ್ದು ಅಲ್ಲಿಯೇ. ಕನ್ನಡದ ಆರಂಭಕಾಲದ ಅಚ್ಚಿನ ಪುಸ್ತಕಗಳಲ್ಲಿ ಒಂದು ಡೆನ್ಮಾರ್ಕಿನ ಬಾವುಟದ ನೆರಳಿನಲ್ಲಿ, ಬಂಗಾಳದ ನೆಲದಲ್ಲಿ ಹೊರಬಂದಿತೆಂಬುದು ವಿಸ್ಮಯವಾದರೂ ಸತ್ಯ. ಅಲ್ಲಿನ ಕಾಲೇಜಿಗೆ ಪದವಿ ನೀಡುವ ಸನ್ನದು ದೊರೆತದ್ದೂ 1827ರಲ್ಲಿ, ಡೆನ್ಮಾರ್ಕಿನ ದೊರೆಯಿಂದಲೇ.

ಮಾರಾಟ ಮತ್ತು ಮರೆವು

ಹತ್ತೊಂಬತ್ತನೆಯ ಶತಮಾನದ ಆರಂಭದ ಯುದ್ಧಗಳಲ್ಲಿ ಇಂಗ್ಲಿಷರು ತರಂಗಂಬಾಡಿಯನ್ನು 1808ರಿಂದ 1815ರವರೆಗೆ ವಶದಲ್ಲಿಟ್ಟುಕೊಂಡರು. ಮರಳಿ ಕೊಟ್ಟರೂ ವ್ಯಾಪಾರ ಮರಳಲಿಲ್ಲ. ಕೊನೆಗೆ 1845ರಲ್ಲಿ ತರಂಗಂಬಾಡಿ ಮತ್ತು ಶ್ರೀರಾಮಪುರಗಳೆರಡನ್ನೂ ಒಟ್ಟು ಹನ್ನೆರಡೂವರೆ ಲಕ್ಷ ರೂಪಾಯಿಗಳಿಗೆ ಇಂಗ್ಲಿಷ್ ಕಂಪನಿಗೆ ಮಾರಲಾಯಿತು. ಊರನ್ನು, ಅದರ ಬೀದಿಗಳನ್ನು, ಬೀದಿಯ ಜನರನ್ನು ಒಂದು ಕ್ರಯಪತ್ರದಲ್ಲಿ ಬರೆದುಕೊಟ್ಟಾಗ ಅಲ್ಲಿನ ಬೆಸ್ತರನ್ನೂ ನೇಕಾರರನ್ನೂ ಯಾರೂ ಕೇಳಲಿಲ್ಲ.

ಕೆಲವು ಕಾಲ ತರಂಗಂಬಾಡಿ ಜಿಲ್ಲಾ ಕಲೆಕ್ಟರರ ಕೇಂದ್ರವಾಗಿತ್ತು. 1860ರ ವೇಳೆಗೆ ಅದೂ ತಂಜಾವೂರಿಗೆ ಹೋಯಿತು. ರೈಲುಮಾರ್ಗ ನಾಗಪಟ್ಟಣವನ್ನು ತಲುಪಿದಾಗ ವ್ಯಾಪಾರವೂ ಅತ್ತ ಸರಿಯಿತು. 1926ರಲ್ಲಿ ಮಯಿಲಾಡುತುರೈಯಿಂದ ಇಲ್ಲಿಗೆ ರೈಲು ಬಂದರೂ 1986ರಲ್ಲಿ ಆ ಮಾರ್ಗವನ್ನು ಮುಚ್ಚಲಾಯಿತು. ಹೀಗೆ ಊರು ನಿದ್ರೆಗೆ ಜಾರಿತು. ಆ ನಿದ್ರೆಯೇ ಹಳೆಯ ಕಟ್ಟಡಗಳನ್ನು ಒಂದಿಷ್ಟು ಕಾಪಾಡಿತೆಂದೂ ಹೇಳಬಹುದು. ಹಣ ಹರಿದುಬಂದ ಊರಾಗಿದ್ದರೆ ಅವುಗಳ ಜಾಗದಲ್ಲಿ ಕಾಂಕ್ರೀಟಿನ ಅಂಗಡಿಸಾಲು ಏಳುತ್ತಿತ್ತು.

ನೋಡಬೇಕಾದುದು

ಪಟ್ಟಣದ ಪ್ರವೇಶದಲ್ಲಿ 1792ರ ಬಿಳಿಯ ಮಹಾದ್ವಾರವಿದೆ. ಅಲ್ಲಿಂದ ಕಡಲವರೆಗೆ ನೇರವಾಗಿ ಸಾಗುವುದೇ ರಾಜಬೀದಿ. ಬೀದಿಯ ಇಕ್ಕೆಲಗಳಲ್ಲಿ 1701ರ ಝಯಾನ್ ಚರ್ಚು, 1718ರ ಹೊಸ ಜೆರುಸಲೇಂ ಚರ್ಚು, ಎತ್ತರದ ಕಂಬಗಳ ಹಳೆಯ ಮನೆಗಳು ಕಾಣುತ್ತವೆ. ಮೊದಲ ಜೆರುಸಲೇಂ ಚರ್ಚು ಕಡಲಿಗೆ ಆಹುತಿಯಾದ್ದರಿಂದ ಹೊಸದನ್ನು ಕಟ್ಟಬೇಕಾಯಿತು. ಬೀದಿಯ ತುದಿಯಲ್ಲಿ ಡ್ಯಾನ್ಸ್‌ಬೋರ್ಗ್ ಕೋಟೆ. ಕೆಳಗಿನ ಅಂತಸ್ತಿನಲ್ಲಿ ಮದ್ದಿನ ಮನೆ, ಸೆರೆಮನೆ, ಉಗ್ರಾಣ. ಮೇಲೆ ಅಧಿಕಾರಿಗಳ ನಿವಾಸ. ಈಗ ಇದು ತಮಿಳುನಾಡು ಸರಕಾರದ ಪುರಾತತ್ವ ಇಲಾಖೆಯ ಸಂಗ್ರಹಾಲಯ. ಕೋಟೆಯ ಎದುರಿನ ಗವರ್ನರರ ಬಂಗಲೆ 1784ರದು. ಒಂದು ಕಾಲದಲ್ಲಿ ಉಪ್ಪಿನ ದಾಸ್ತಾನಿಗೆ ಬಳಕೆಯಾಗಿ ಶಿಥಿಲವಾಗಿದ್ದ ಈ ಬಂಗಲೆಯನ್ನು ಡೆನ್ಮಾರ್ಕಿನ ರಾಷ್ಟ್ರೀಯ ಸಂಗ್ರಹಾಲಯದ ಸಹಯೋಗದಲ್ಲಿ ಜೀರ್ಣೋದ್ಧಾರ ಮಾಡಲಾಗಿದೆ. ಸೀಗನ್‌ಬಾಲ್ಗ್ ವಾಸಿಸಿದ ಸ್ಥಳದಲ್ಲಿ 2017ರಲ್ಲಿ ಅವನ ಹೆಸರಿನ ಸಂಗ್ರಹಾಲಯ ತೆರೆಯಿತು. ಬ್ರಿಟಿಷ್ ಕಾಲದ ಕಲೆಕ್ಟರರ ಬಂಗಲೆ ಈಗ ಪಾರಂಪರಿಕ ವಸತಿಗೃಹ. ಡೇನರ ಸ್ಮಶಾನವೂ ಸಮೀಪದಲ್ಲಿಯೇ ಇದೆ. ಅಲ್ಲಿ ಮಕ್ಕಳ ಸಮಾಧಿಗಳ ಮುಂದೆ ನಿಂತಾಗ ಕಂಪನಿಯ ಲಾಭನಷ್ಟಗಳೆಲ್ಲ ಮರೆತುಹೋಗುತ್ತವೆ.

ಕಡಲು ಈ ಊರಿನ ನಿತ್ಯದ ಸಾಲಗಾರ, ಪಡೆದದ್ದನ್ನು ಹಿಂದಿರುಗಿಸುವುದಿಲ್ಲ. ಮಾಸಿಲಾಮಣಿನಾಥರ ಗುಡಿಯ ಮುಂಭಾಗವೇ ಅಲೆಗಳಿಗೆ ಸಂದಿದೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಇಲ್ಲಿನ ಬೆಸ್ತರ ಕೇರಿ ತೀವ್ರವಾಗಿ ನಲುಗಿತು. ಈಗ ದಂಡೆಯುದ್ದಕ್ಕೂ ಬಂಡೆಗಲ್ಲಿನ ತಡೆಗೋಡೆಯಿದೆ.

ಇನ್ನೊಂದು ಡೇನಿಷ್ ಊರು

ಅಮೆರಿಕೆಯಲ್ಲಿರುವ ಮಕ್ಕಳನ್ನು ಕಾಣಲು ಹೋಗುವ ನಮ್ಮ ಸದಸ್ಯರಲ್ಲಿ ಕೆಲವರು ಕ್ಯಾಲಿಫೋರ್ನಿಯಾದ ಸಾಲ್ವಾಂಗ್ ಎಂಬ ಊರನ್ನು ನೋಡಿರಬಹುದು. ಡೇನಿಷ್ ಭಾಷೆಯಲ್ಲಿ ಇದರ ಅರ್ಥ 'ಬಿಸಿಲಿನ ಬಯಲು'. ಅಮೆರಿಕೆಗೆ ವಲಸೆ ಬಂದಿದ್ದ ಡೇನಿಷ್ ಜನರು ತಮ್ಮ ಭಾಷೆ, ಸಂಪ್ರದಾಯಗಳು ಉಳಿಯಬೇಕೆಂಬ ಹಂಬಲದಿಂದ 1911ರಲ್ಲಿ ಸುಮಾರು 9000 ಎಕರೆ ನೆಲವನ್ನು ಕೊಂಡು ಕಟ್ಟಿದ ಊರು ಅದು. ಮೊದಲು ಕಟ್ಟಿದವುಗಳಲ್ಲಿ ಶಾಲೆಯೇ ಮುಖ್ಯ. 1936ರಿಂದ 'ಡೇನಿಷ್ ದಿನಗಳು' ಎಂಬ ಉತ್ಸವ ನಡೆದುಬಂದಿದೆ. ಇಂದು ಸುಮಾರು ಆರು ಸಾವಿರ ಜನರಿರುವ ಆ ಊರಿನಲ್ಲಿ ಗಾಳಿಗಿರಣಿಗಳೂ ಮರದ ಪಟ್ಟಿಯ ಗೋಡೆಗಳೂ ಇವೆ. ಗುಳಿಗಳಿರುವ ಕಾವಲಿಯಲ್ಲಿ ಸುಡುವ 'ಎಬಲ್‌ಸ್ಕೀವರ್' ಎಂಬ ತಿಂಡಿಯನ್ನು ಕಂಡರೆ ನಮ್ಮ ಹೆಂಗಸರು "ಇದು ನಮ್ಮ ಗುಳಿಯಪ್ಪವೇ ಅಲ್ಲವೇ!" ಎನ್ನದಿರಲಾರರು. ಆದರೆ ಬೀದಿಯಲ್ಲಿ ಕೇಳಿಬರುವ ಮಾತು ಇಂಗ್ಲಿಷ್. ಡೇನಿಷ್ ಉಳಿದಿರುವುದು ಬಹುಮಟ್ಟಿಗೆ ಅಂಗಡಿಯ ಹಲಗೆಗಳಲ್ಲಿ, ತಿಂಡಿಯ ಹೆಸರುಗಳಲ್ಲಿ, ಹಬ್ಬದ ಉಡುಪಿನಲ್ಲಿ.

ತರಂಗಂಬಾಡಿಯಲ್ಲಿ ಕಟ್ಟಡಗಳಿವೆ, ಡೇನರಿಲ್ಲ. ಸಾಲ್ವಾಂಗಿನಲ್ಲಿ ಡೇನರ ಮೊಮ್ಮಕ್ಕಳಿದ್ದಾರೆ, ಅಜ್ಜಿಯ ಮಾತು ಬಹುತೇಕ ಮರೆಯಾಗಿದೆ. ಚೆನ್ನೈಯಲ್ಲಿರುವ ನಮ್ಮ ಸ್ಥಿತಿ ಯಾವುದಕ್ಕೆ ಹತ್ತಿರ? ಕೋಟೆಯ ಮೇಲಂತಸ್ತಿನಲ್ಲಿ ನಿಂತಾಗ ನನ್ನ ಮಗಳು ಗೋಡೆಯ ಫಲಕಗಳನ್ನು ತಮಿಳಿನಲ್ಲಿ ಸರಾಗವಾಗಿ ಓದಿ ನನಗೆ ಕನ್ನಡದಲ್ಲಿ ವಿವರಿಸುತ್ತಿದ್ದಳು. ನನಗೆ ಹೆಮ್ಮೆಯಾಯಿತು. ಒಡನೆಯೇ ಹೊಳೆದದ್ದೆಂದರೆ, ಅವಳಿಗೆ ಕನ್ನಡ ಮಾತನಾಡಲು ಬರುತ್ತದೆ, ಓದಲು ಬರುವುದಿಲ್ಲ. ಇದರಲ್ಲಿ ಅವಳ ತಪ್ಪೇನೂ ಇಲ್ಲ. ವರ್ಗಾವಣೆ, ಬಡ್ತಿ, ಮನೆಸಾಲಗಳ ನಡುವೆ ಸಂಜೆ ಅರ್ಧ ಗಂಟೆ ಕುಳಿತು ಅಕ್ಷರ ತಿದ್ದಿಸಲು ನನಗೆ ಬಿಡುವಾಗಲಿಲ್ಲ. ಮರಳಿನ ಮೇಲೆ ಅನ್ಯಭಾಷೆಯ ಅಕ್ಷರ ತಿದ್ದಿದ ಸೀಗನ್‌ಬಾಲ್ಗನ ಊರಿನಲ್ಲಿ ನಿಂತು ಈ ಮಾತನ್ನು ಒಪ್ಪಿಕೊಳ್ಳದೆ ಗತ್ಯಂತರವಿರಲಿಲ್ಲ. ಊರಿಗೆ ಮರಳಿದ ಮೇಲೆ ನಾವಿಬ್ಬರೂ ಭಾನುವಾರಗಳಂದು ವರ್ಣಮಾಲೆಯಿಂದ ಆರಂಭಿಸಿದ್ದೇವೆ. ಒತ್ತಕ್ಷರಗಳವರೆಗೆ ಬಂದಿದೆ.

ಹೋಗುವ ಬಗೆ

ಚೆನ್ನೈ ಎಗ್ಮೋರಿನಿಂದ ರೈಲಿನಲ್ಲಿ ಮಯಿಲಾಡುತುರೈಗೆ ಹೋಗಿ, ಅಲ್ಲಿಂದ ಪೊರೈಯಾರ್ ಮಾರ್ಗದ ಬಸ್ಸಿನಲ್ಲಿ ಸುಮಾರು 30 ಕಿಲೋಮೀಟರ್ ಕ್ರಮಿಸಬೇಕು. ಕಾರಿನಲ್ಲಿ ಹೋಗುವವರಿಗೆ ಪುದುಚ್ಚೇರಿ, ಕಡಲೂರು, ಚಿದಂಬರಂ, ಶೀರ್ಕಾಳಿಗಳ ಮೂಲಕ ದಾರಿಯಿದೆ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಹಿಂಗಾರು ಮಳೆಯ ಕಾಲವಾದ್ದರಿಂದ ಜನವರಿ, ಫೆಬ್ರವರಿ ತಿಂಗಳುಗಳು ಉತ್ತಮ. ಸಂಗ್ರಹಾಲಯದ ವಾರದ ರಜೆಯ ದಿನವನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು. ಊರು ಪುಟ್ಟದು, ಅರ್ಧ ದಿನ ಸಾಕು. ಮಧ್ಯಾಹ್ನದ ಬಿಸಿಲನ್ನು ತಪ್ಪಿಸಿ ನಾಲ್ಕು ಗಂಟೆಯ ನಂತರ ಹೋದರೆ ಕೋಟೆಯ ನೆರಳು ಕಡಲಿನತ್ತ ಚಾಚಿರುತ್ತದೆ, ಬೆಸ್ತರ ಮಕ್ಕಳು ಮೈದಾನದಲ್ಲಿ ಕ್ರಿಕೆಟ್ ಆಡುತ್ತಿರುತ್ತಾರೆ.

ಮುಂದಿನ ಬಾರಿ ಬಂಧುಗಳ ಶಾಂತಿಗೆಂದು ತಿರುಕ್ಕಡೈಯೂರಿಗೆ ಹೋಗುವ ಸದಸ್ಯರು ಈ ಊರಿಗೂ ಒಂದು ಸಂಜೆಯನ್ನು ಮೀಸಲಿಡಲಿ. ಮಕ್ಕಳನ್ನೂ ಮೊಮ್ಮಕ್ಕಳನ್ನೂ ತಪ್ಪದೆ ಕರೆದೊಯ್ಯಲಿ.